ಎಡಮುರಿ ಬಲಮುರಿ

ಕೈಗುದ್ದಲಿ ಇನ್ನೇನು ಮಣ್ಣಿಗೆ ಬೀಳಬೇಕು...

"ಸುಮಿಮಾಸೆನ್! ಸವರಾನಾಯ್‌ದೆ ಕುದಾಸಾಯ್!"

ತಲೆಯ ಮೇಲಿಂದ ಬಂದ ಕೂಗಿಗೆ ಕಾತ್ಯಾಯಿನಿ ಬೆಚ್ಚಿಬಿದ್ದಳು. ಗುದ್ದಲಿ ಗುರಿ ತಪ್ಪಿ ಅವಳ ಬೂಟಿನ ಪಕ್ಕದಲ್ಲೇ ಕಚ್ಚಿಕೊಂಡಿತು.

ಜಪಾನಿಯಲ್ಲಿ ಮುಟ್ಟಬೇಡಿ ಅನ್ನುತ್ತಿದ್ದಾನೆ. ಆದರೆ ಯಾವುದನ್ನು?

ತಲೆಯೆತ್ತಿ ನೋಡಿದಳು. ಮೇಲ್ಮನೆಯ ಬಾಲ್ಕನಿಯಿಂದ ಅರ್ಧ ಮೈ ಹೊರಗೆ ಚಾಚಿ ಒಬ್ಬ ನಿಂತಿದ್ದ. ತಿಂಗಳುಗಟ್ಟಲೆ ಕತ್ತರಿ ಕಾಣದ ಕೂದಲು, ಕೈಯಲ್ಲಿ ಬ್ರಷ್, ಬಾಯ ತುಂಬ ಪೇಸ್ಟಿನ ನೊರೆ.

ಅವಳು ಫುಕುವೋಕಾದಿಂದ ಹಮಾಮತ್ಸುವಿಗೆ ಬಂದಿಳಿದದ್ದು ಹಿಂದಿನ ದಿನವಷ್ಟೆ. ೨೦೨೧ರ ಮಾರ್ಚ್ ತಿಂಗಳು. ಪಿಎಚ್‌ಡಿ ಮುಗಿದು ಇಲ್ಲಿನ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿತ್ತು. ವಾರಕ್ಕೆರಡು ದಿನ ಬಂದರೆ ಸಾಕು, ಉಳಿದದ್ದು ಮನೆಯಿಂದಲೇ ಎಂದಿದ್ದರು. ಹಗಲಿಡೀ ಮನೆಯಲ್ಲೇ ಕೂರುವುದಾದರೆ ಕಣ್ಣಿಗೆ ಸ್ವಲ್ಪ ಹಸಿರಾದರೂ ಬೇಕು ಎಂದು ಈ ಹಳೆಯ ಮರದ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದಿದ್ದಳು. "ತೋಟ ಕೆಳಮನೆಯವರದ್ದು" ಎಂದು ಮನೆ ಕೊಡಿಸಿದ ಏಜೆಂಟ್ ಎರಡು ಸಲ ಹೇಳಿದ್ದ.

ಆ ತೋಟದಲ್ಲಿ, ಗೋಡೆಯ ಬುಡದಲ್ಲಿ, ನೇರಳೆ ಬಣ್ಣದ ಮೊಳಕೆಗಳು ಒತ್ತೊತ್ತಾಗಿ ಎದ್ದಿದ್ದವು. ಕಳೆ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

"ಕುಸಾ," ಎಂದಳು ಮೊಳಕೆಗಳ ಕಡೆ ಬೆರಳು ಮಾಡಿ. ಹುಲ್ಲು ಕಣಪ್ಪಾ, ಕಳೆ.

ಅವನು ನೊರೆಯ ಬಾಯಲ್ಲೇ ಏನೋ ಅಂದು ಮಾಯವಾದ. ಮನೆಯ ಮಗ್ಗುಲಲ್ಲಿ ಒಂದು ಕಂಬವನ್ನು ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲಿತ್ತು. ಅದರ ಮೇಲೆ ಧಡಧಡ ಹೆಜ್ಜೆ. ಹೆಜ್ಜೆಯ ಜೊತೆಗೇ ಗೊಣಗಾಟ.

"ಯಾವಳಪ್ಪಾ ಇವಳು... ಬೆಳಿಗ್ಗೆ ಬೆಳಿಗ್ಗೇನೇ ಗುದ್ದಲಿ ಹಿಡ್ಕೊಂಡು... ಹಾಳಾದವಳು."

ಕಾತ್ಯಾಯಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಾಳಾದವಳಿಗೆ ಒಂದು ಹೆಸರಿದೆ ರೀ. ಕಾತ್ಯಾಯಿನಿ."

ಅವನು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಬಾಯಿಂದ ನೊರೆ ಇಳಿದು ಟೀಶರ್ಟಿನ ಮೇಲೆ ಬಿತ್ತು.

ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಜನ ಊರು ಕೇಳುತ್ತಾರೆ, ಕಾಫಿಗೆ ಕರೆಯುತ್ತಾರೆ. ಇವರಿಬ್ಬರು ಹಾಗೇನೂ ಮಾಡಲಿಲ್ಲ.

"ಅದು ಕಳೆ ಅಲ್ಲ," ಎಂದ ಅವನು, ನೊರೆ ಒರೆಸಿಕೊಂಡು. "ಹಾಪ್ಸ್. ಹಾಕಿ ವರ್ಷಗಳಾಗಿವೆ. ಅದನ್ನ ಮುಟ್ಟೋ ಹಾಗಿಲ್ಲ."

"ತೋಟ ನಂದು ಅಂತ ಅಗ್ರಿಮೆಂಟಲ್ಲಿದೆ."

"ಬಳ್ಳಿ ಹತ್ತೋದು ನನ್ನ ಬಾಲ್ಕನಿಗೆ."

"ಬೇರಿರೋದು ನನ್ನ ನೆಲದಲ್ಲಿ. ಮತ್ತೆ ಬೈಯೋದಾದ್ರೆ ಮೊದಲು ಬಾಯಿ ತೊಳ್ಕೊಂಡು ಬನ್ನಿ."

ಅವನ ಹೆಸರು ದ್ವಾರಕಾನಾಥ. ಮಂಡ್ಯದ ಕಡೆಯವನು. ಇಲ್ಲಿನ ಮೋಟಾರ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಇದನ್ನೆಲ್ಲ ಅವಳು ತಿಳಿದದ್ದು ಅಂಚೆಪೆಟ್ಟಿಗೆಯ ಮೇಲಿನ ಹೆಸರಿನಿಂದ ಮತ್ತು ಏಜೆಂಟನ ಬಾಯಿಂದ, ಅವನ ಬಾಯಿಂದಲ್ಲ. ಏಜೆಂಟ್ ಕೊನೆಗೆ ಒಂದು ರಾಜಿ ಮಾಡಿಸಿದ. ಗೋಡೆಯ ಬುಡದ ಆ ಮೂಲೆ ಮೇಲಿನವರಿಗೆ, ಉಳಿದದ್ದೆಲ್ಲ ಕೆಳಗಿನವರಿಗೆ.

ಅವನು ತನ್ನ ಮೂಲೆಯಿಂದ ಬಾಲ್ಕನಿಗೆ ನಾಲ್ಕು ಹುರಿ ಎಳೆದು ಕಟ್ಟಿದ. ಅವಳು ಮೂಲೆಯ ಸುತ್ತ ಕಲ್ಲು ಜೋಡಿಸಿ ಗಡಿ ಹಾಕಿದಳು.

*

ದ್ವಾರಕಾನಾಥ ಹೇಳದೆ ಉಳಿಸಿಕೊಂಡ ಒಂದು ಮಾತಿತ್ತು.

ಆ ಮನೆ ಮಿಜುನೋ ದಂಪತಿಯದು. ಬಳ್ಳಿ ನೆಟ್ಟವರು ಯಜಮಾನರು. ಬೇಸಿಗೆಯಲ್ಲಿ ಬಾಲ್ಕನಿಗೆ ನೆರಳಾಗಲಿ ಎಂದು ನೆಟ್ಟದ್ದು, ಆಮೇಲೆ ಬೇರೆಯದೇ ಕೆಲಸಕ್ಕೆ ಬಂತು. ಅವರ ಹೆಂಡತಿಗೆ ನಿದ್ದೆ ಕಡಿಮೆ. ಹಾಪ್ಸಿನ ಹೂವನ್ನು ಒಣಗಿಸಿ ದಿಂಬಿಗೆ ತುಂಬಿದರೆ ಆ ಘಾಟಿಗೆ ಕಣ್ಣು ಎಳೆಯುತ್ತದೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ಪ್ರತಿ ಆಗಸ್ಟಿನಲ್ಲಿ ಹೊಸ ದಿಂಬು.

ಕಾತ್ಯಾಯಿನಿ ಬರುವ ಮುಂಚಿನ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಅಜ್ಜಿ ಅದಕ್ಕೂ ಮುಂಚೆಯೇ ಆರೈಕೆ ಕೇಂದ್ರ ಸೇರಿದ್ದರು, ಕೊರೊನಾ ಎಂದು ಅಲ್ಲಿಗೆ ಭೇಟಿ ಬಂದ್ ಆಗಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಯಜಮಾನರು ಕೊನೆಯದಾಗಿ ಫೋನ್ ಮಾಡಿದ್ದು ಮೇಲ್ಮನೆಯ ಬಾಡಿಗೆದಾರನಿಗೆ.

"ದ್ವಾರಕಾ-ಸಾನ್, ಈ ಬೇಸಿಗೆಯ ದಿಂಬೊಂದು..."

"ಹಾಯ್," ಎಂದಿದ್ದ ಅವನು. ಜಪಾನಿಯಲ್ಲಿ ಹೂಂ, ಮಾಡ್ತೀನಿ ಎಂದು. ಅದನ್ನೇ ಮೂರು ಸಲ ಹೇಳಿದ್ದ.

ಇಷ್ಟೇ ಸಂಗತಿ. ಮೊದಲ ದಿನವೇ ಇದನ್ನು ಹೇಳಿದ್ದರೆ ಕಾತ್ಯಾಯಿನಿ ಗುದ್ದಲಿ ಕೆಳಗಿಡುತ್ತಿದ್ದಳು. ಆದರೆ ಮನಸ್ಸಿಗೆ ಹತ್ತಿರವಾದದ್ದನ್ನು ಜಗಳದ ಮಧ್ಯೆ ಬಾಯಿಬಿಟ್ಟು ಹೇಳುವುದು ಎಲ್ಲರ ಕೈಲೂ ಆಗುವುದಿಲ್ಲ.

ಅಷ್ಟರಲ್ಲಿ ಅವಳು ಹಾಪ್ಸ್ ಎಂದರೇನು ಎಂದು ಮೊಬೈಲಿನಲ್ಲಿ ಹುಡುಕಿದ್ದಳು. ಅದರ ಹೂವು ಹಾಕಿ ಮಾಡುವುದು ಒಂದನ್ನೇ ಎಂದಿತ್ತು.

ಬಿಯರ್.

ಆ ಒಂದು ಪದ ಸಾಕಾಗಿತ್ತು. ಮೈಸೂರಿನ ಮನೆ, ಅಪ್ಪ ಬರುವ ಹೊತ್ತು, ಮೆಟ್ಟಿಲ ಮೇಲೆ ತಡವರಿಸುವ ಚಪ್ಪಲಿ ಸದ್ದು. ಸದ್ದಿನಲ್ಲೇ ಅಮ್ಮ ಅಳೆಯುತ್ತಿದ್ದಳು, ಇವತ್ತು ಎಷ್ಟು ಕುಡಿದಿದ್ದಾನೆ ಎಂದು. ಅಪ್ಪ ಹೋಗಿ ಎಷ್ಟೋ ಕಾಲವಾಗಿದ್ದರೂ ತಲೆಯ ಮೇಲೆ ಯಾರಾದರೂ ನಡೆದರೆ ಕಾತ್ಯಾಯಿನಿಗೆ ಇಂದಿಗೂ ನಿದ್ದೆ ಬರುತ್ತಿರಲಿಲ್ಲ.

'ಇಷ್ಟು ದೂರ ಓಡಿಬಂದೆ... ಇಲ್ಲೂ ತಲೆ ಮೇಲೆ ಒಬ್ಬ ಕುಡುಕ.'

ಏಪ್ರಿಲ್‌ನಲ್ಲಿ ಡೆಲಿವರಿಯವನು ಮೆಟ್ಟಿಲ ಬಳಿ ಒಂದು ಮೂಟೆ ಇಳಿಸಿ ಹೋದ. ಮೇಲೆ ಬಾರ್ಲಿ ಎಂದು ಬರೆದಿತ್ತು. ಸಂಜೆ ಮೇಲಿಂದ ಧಾನ್ಯ ಕುದಿಯುವ ವಾಸನೆ ಇಳಿದು ಬಂತು.

ಬಾರ್ಲಿ. ಹಾಪ್ಸ್. ಇನ್ನೇನು ಬೇಕು?

ಮರುದಿನ ಅವನು ಹುರಿ ಬಿಗಿ ಮಾಡಲು ಇಳಿದಾಗ ಅವಳು ಮಾಸ್ಕ್ ಏರಿಸಿಕೊಂಡು ಗಡಿಕಲ್ಲಿನ ಈಚೆ ನಿಂತಳು.

"ಮೇಲೆ ಭಟ್ಟಿ ಇಟ್ಟಿದೀರಾ?"

"ಏನು?"

"ಬಾರ್ಲಿ ತರಿಸ್ತೀರಾ, ಕುದಿಸ್ತೀರಾ, ಬಳ್ಳಿ ಬೇರೆ ಬೆಳೆಸ್ತೀರಾ. ಈ ದೇಶದಲ್ಲಿ ಮನೇಲಿ ಬಿಯರ್ ಮಾಡೋದು ಅಪರಾಧ, ಗೊತ್ತಲ್ವಾ?"

ದ್ವಾರಕಾನಾಥ ಅವಳನ್ನೇ ನೋಡಿದ. ಬೆಳಿಗ್ಗೆಯಿಂದ ಮೂರು ಮೀಟಿಂಗ್ ಮುಗಿಸಿ ಅವನ ತಲೆ ಮೊದಲೇ ಸಿಡಿಯುತ್ತಿತ್ತು.

"ಹೂಂ ಮೇಡಂ. ದೊಡ್ಡ ಭಟ್ಟಿ. ಹಂಡೆ ಹಂಡೆ ಇಳಿಸ್ತಿದೀನಿ. ನಿಮಗೂ ಒಂದು ಚೊಂಬು ಕಳಿಸ್ಲಾ?"

"ನಮ್ಮಪ್ಪ ಕುಡಿದು ಕುಡಿದೇ ಸತ್ತಿದ್ದು." ಅವಳ ದನಿ ನಡುಗಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಕುಡುಕರ ಜೋಕು ನನಗೆ ನಗು ತರ್ಸಲ್ಲ ಸ್ವಾಮಿ."

ಅವನು ಕ್ಷಮೆ ಕೇಳಬೇಕು ಅನ್ನುವಷ್ಟರಲ್ಲಿ ಅವಳು ಬಾಗಿಲು ಹಾಕಿಕೊಂಡಾಗಿತ್ತು.

*

ಅಲ್ಲಿಂದ ಮುಂದೆ ನಡೆದದ್ದು ಯುದ್ಧವೇ.

ಅವನ ಮೀಟಿಂಗಿನ ಹೊತ್ತಿಗೆ ಸರಿಯಾಗಿ ಅವಳ ಕುಕ್ಕರ್ ಕೂಗುತ್ತಿತ್ತು. ಜಪಾನಿ ಮ್ಯಾನೇಜರ್ ಒಮ್ಮೆ ಗಾಬರಿಯಿಂದ, ದ್ವಾರಕಾ-ಸಾನ್, ನಿಮ್ಮಲ್ಲಿ ರೈಲು ಬಂತೇ ಎಂದು ಕೇಳಿದ. ಅವನು ಬಾಲ್ಕನಿಯ ಕುಂಡಗಳಿಗೆ ಹಾಕಿದ ನೀರು ತಪ್ಪದೆ ಅವಳು ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ರೀ ಮೇಲಿನವರೇ, ನನ್ನ ದುಪಟ್ಟಾ ಗಿಡ ಅಲ್ಲ!"

"ರೀ ಕೆಳಗಿನವರೇ, ಬೇಳೆ ಬೆಂದು ಆಗ್ಲೇ ಪಾಯಸ ಆಗಿರುತ್ತೆ. ಇಳಿಸ್ಬಾರ್ದಾ?"

ಮುಖ ನೋಡಿ ಜಗಳವಾಡುವಂತಿರಲಿಲ್ಲ. ಅವನು ಮೇಲೆ, ಅವಳು ಕೆಳಗೆ, ನಡುವೆ ನಾಲ್ಕು ಹುರಿ ಮತ್ತು ದಿನೇ ದಿನೇ ಏರುತ್ತಿರುವ ಹಸಿರು ಬಳ್ಳಿ.

ತನ್ನ ಪಾಲಿನ ನೆಲದಲ್ಲಿ ಅವಳು ಅವರೆ ಹಾಕಿದ್ದಳು. ಬೀಜದ ಅಂಗಡಿಯಲ್ಲಿ ಬೇರೆ ಹೆಸರಿತ್ತು, ಆದರೆ ಕಾಳು ನೋಡಿದ ತಕ್ಷಣ ಗುರುತು ಸಿಕ್ಕಿತ್ತು. ಮೈಸೂರಿನಿಂದ ಅಮ್ಮ ಜಯಮ್ಮ ವಿಡಿಯೋ ಕಾಲಿನಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದಳು.

"ಕುಡಿ ಎತ್ತಿ ಕೋಲಿಗೆ ಕೊಡೇ. ಹಂಗಲ್ಲ, ಈ ಕಡೆಯಿಂದ ಸುತ್ತು. ನೋಡು, ಅದೇ ದಾರಿ ಹಿಡೀತು."

ಅವರೆ ಅಮ್ಮ ಹೇಳಿದ ದಾರಿ ಹಿಡಿಯಿತು. ಅಮ್ಮ ಹೇಳಿದ ದಾರಿ ಎಲ್ಲ ಬಳ್ಳಿಗೂ ಒಂದೇ ಎಂದು ಕಾತ್ಯಾಯಿನಿ ತಿಳಿದದ್ದರಲ್ಲಿ ತಪ್ಪೇನಿಲ್ಲ.

ಮೇ ತಿಂಗಳಲ್ಲಿ ಊರಿನಿಂದ ಬರುವ ಸುದ್ದಿಗಳು ಕೆಟ್ಟವು. ಬೀದಿಯ ಎರಡು ಮನೆಯಲ್ಲಿ ಸಾವು. ಆಮೇಲೆ ಜಯಮ್ಮನಿಗೇ ಜ್ವರ. ಇಲ್ಲಿಂದ ಹೋದರೆ ಮತ್ತೆ ಒಳಗೆ ಬಿಡುವ ಖಾತ್ರಿಯಿಲ್ಲ, ಹೋಗಲು ವಿಮಾನವೂ ಇಲ್ಲ. ಕಾತ್ಯಾಯಿನಿ ಅಡುಗೆಮನೆಯ ನೆಲದ ಮೇಲೆ ಕೂತು ಸೆರಗಿಲ್ಲದ್ದಕ್ಕೆ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು.

ಆ ದಿನಗಳಲ್ಲಿ ಮೇಲಿನ ಹೆಜ್ಜೆ ಸದ್ದು ನಿಂತುಹೋಗಿತ್ತು. ಕುರ್ಚಿ ಎಳೆಯುವ ಸದ್ದೂ ಇಲ್ಲ.

'ಕುಡಿದು ಬಿದ್ದಿರಬೇಕು,' ಅಂದುಕೊಂಡಳು.

ಮರದ ಮನೆ. ಅಳು ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ. ದ್ವಾರಕಾನಾಥ ಕುರ್ಚಿಯ ಕಾಲಡಿಗೆ ತನ್ನ ಹಾಸಿಗೆಯನ್ನೇ ಹಾಸಿ, ದಪ್ಪ ಕಾಲುಚೀಲ ಹಾಕಿಕೊಂಡು, ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಅದು ಅವಳಿಗೆ ತಿಳಿಯುವ ಹಾಗಿರಲಿಲ್ಲ. ಜಯಮ್ಮ ಹುಷಾರಾಗಿ ಮತ್ತೆ ಅವರೆ ವಿಚಾರಿಸತೊಡಗಿದ ದಿನ, ಮೇಲಿನ ಹೆಜ್ಜೆಗಳೂ ಮರಳಿ ಬಂದವು. ಅವಳು ಅದಕ್ಕೂ ಅವನನ್ನೇ ಬೈದಳು.

*

ಜೂನ್ ಮಳೆ ಹಿಡಿದ ದಿನ ಮನೆಯ ಮುಂದೆ ಒಂದು ವ್ಯಾನ್ ಬಂದು ನಿಂತಿತು. ಮೈತುಂಬ ಬಿಳಿ ಕವಚ ತೊಟ್ಟ ಇಬ್ಬರು ಇಳಿದರು.

ದ್ವಾರಕಾನಾಥ ಚೀಲ ಹಿಡಿದು ಮೆಟ್ಟಿಲಿಳಿದ. ಕಣ್ಣು ಕೆಂಪಗಿದ್ದವು. ಕಾರ್ಖಾನೆಗೆ ಹೋಗಿ ಬಂದವನಿಗೆ ಪಾಸಿಟಿವ್ ಬಂದಿತ್ತು, ಕ್ವಾರಂಟೈನ್ ಹೋಟೆಲಿಗೆ ಕರೆದೊಯ್ಯುತ್ತಿದ್ದರು.

ಕಿಟಕಿಯಲ್ಲಿ ನಿಂತ ಅವಳನ್ನು ನೋಡಿ ಅವನು ತಡೆದ.

"ಬಳ್ಳಿ..." ಎಂದ.

"ನಿಮ್ಮ ಬಳ್ಳಿ ನನ್ನ ಅವರೆ ತಂಟೆಗೆ ಬರದಿದ್ರೆ ನಾನೂ ಅದರ ತಂಟೆಗೆ ಹೋಗಲ್ಲ."

ಅವನು ಬೇರೇನೋ ಕೇಳಬೇಕೆಂದಿದ್ದ. ತಲೆಯಾಡಿಸಿ ವ್ಯಾನ್ ಹತ್ತಿದ.

ಮರುದಿನ ಅವಳ ಫೋನ್ ಮೊಳಗಿತು. ಮುದಿ ದನಿ, ನಿಧಾನದ ಜಪಾನಿ ಮಾತು.

"ಕೆಳಮನೆಯವರೇ? ನಾನು ಮನೆಯೊಡತಿ ಮಿಜುನೋ, ಏಜೆಂಟ್ ನಂಬರ್ ಕೊಟ್ಟರು. ತೊಂದರೆ ಕೊಟ್ಟೆ, ಕ್ಷಮಿಸಿ. ದ್ವಾರಕಾ-ಸಾನ್ ಫೋನ್ ತೆಗೆದುಕೊಳ್ಳುತ್ತಿಲ್ಲ."

ಅಜ್ಜಿಯನ್ನು ಗಾಬರಿ ಮಾಡುವುದು ಬೇಡವೆನಿಸಿತು. "ಅವರಿಗೆ ಕೆಲಸ ಹೆಚ್ಚಾಗಿದೆ ಮಿಜುನೋ-ಸಾನ್."

"ಹೌದೇ? ಪಾಪ, ಪ್ರತಿ ಭಾನುವಾರ ತಪ್ಪದೆ ಹೇಳುತ್ತಿದ್ದರು, ಬಳ್ಳಿ ಎಲ್ಲಿಯವರೆಗೆ ಬಂತು ಎಂದು. ನನ್ನವರು ಅವರಿಗೆ ಒಪ್ಪಿಸಿ ಹೋದರು, ನೋಡಿ. ಆಗಸ್ಟಿನ ದಿಂಬು. ಇಲ್ಲಿ ಮಾತ್ರೆ ಕೊಡುತ್ತಾರೆ, ಅದರಿಂದ ಬರುವುದು ನಿದ್ದೆಯಲ್ಲ. ಆ ಹೂವಿನ ವಾಸನೆ ಬಂದರೆ ನನ್ನವರು ಪಕ್ಕದಲ್ಲೇ ಇದ್ದ ಹಾಗೆ..."

ಅಜ್ಜಿ ನಕ್ಕರು. "ದ್ವಾರಕಾ-ಸಾನ್ ಒಂದು ಹನಿ ಕುಡಿಯುವುದಿಲ್ಲ, ಗೊತ್ತೇ? ನನ್ನವರು ಬಿಯರ್ ಕೊಟ್ಟರೆ ಕಿಡ್ನಿಯಲ್ಲಿ ಕಲ್ಲಿದೆ ಎಂದು ಬಾರ್ಲಿ ನೀರು ಹಿಡಿದು ಕೂರುತ್ತಿದ್ದರು. ಬಳ್ಳಿ ಬಾಲ್ಕನಿ ಮುಟ್ಟಿತೇ?"

ಕಾತ್ಯಾಯಿನಿ ಕಿಟಕಿಯ ಆಚೆ ನೋಡಿದಳು. ಗಾಳಿಮಳೆಗೆ ನಾಲ್ಕು ಹುರಿಯಲ್ಲಿ ಮೂರು ಹರಿದು ಬಳ್ಳಿಗಳು ಕೆಸರಿನಲ್ಲಿ ಬಿದ್ದಿದ್ದವು.

"ಮುಟ್ಟುತ್ತಿದೆ," ಎಂದಳು. "ಇನ್ನೇನು ಮುಟ್ಟುತ್ತೆ."

ಫೋನ್ ಕೆಳಗಿಟ್ಟಳು. ಬಾರ್ಲಿ ನೀರು. ಮೈಸೂರಿನಲ್ಲಿ ಉಷ್ಣ ಎಂದರೆ ಸಾಕು, ಅಮ್ಮ ಇದೇ ಬಾರ್ಲಿ ಕುದಿಸುತ್ತಿದ್ದಳಲ್ಲ... ಆ ವಾಸನೆ ತನಗೆ ಗುರುತು ಸಿಗಲಿಲ್ಲವೇ? ಇಲ್ಲ, ಗುರುತು ಹಿಡಿಯಲು ತನಗೆ ಇಷ್ಟವಿರಲಿಲ್ಲ.

ರೈನ್‌ಕೋಟ್ ತೊಟ್ಟು ಹೊರಗೆ ಬಂದಳು. ಗಡಿಕಲ್ಲು ದಾಟಿದಳು. ಹೊಸ ಹುರಿ ಕಟ್ಟಿ, ಕೆಸರಿನಿಂದ ಒಂದೊಂದೇ ಬಳ್ಳಿ ಎತ್ತಿ ಸುತ್ತಿದಳು. ಒರಟು ಬಳ್ಳಿ, ಸಣ್ಣ ಸಣ್ಣ ಮುಳ್ಳುಕೂದಲು. ಮೊಣಕೈವರೆಗೂ ಗೀರಿತು.

ಬೆಳಿಗ್ಗೆ ನೋಡಿದರೆ ಬಳ್ಳಿಗಳೆಲ್ಲ ಹುರಿ ಬಿಟ್ಟು ಬಿಚ್ಚಿಕೊಂಡು ಜೋತಿದ್ದವು.

ಮತ್ತೆ ಸುತ್ತಿದಳು. ಅಮ್ಮ ಅವರೆಗೆ ಹೇಳಿಕೊಟ್ಟ ಹಾಗೆ, ಜೋಪಾನವಾಗಿ. ಮರುದಿನ ಮತ್ತೆ ಬಿಚ್ಚಿಕೊಂಡಿತ್ತು. ಲ್ಯಾಬಿಗೆ ಹೋಗುವ ಮುಂಚೆ, ಬಂದ ಮೇಲೆ, ಮಳೆಯಲ್ಲಿ, ಬಿಸಿಲಲ್ಲಿ ಸುತ್ತಿದಳು. ಬಳ್ಳಿ ಕೇಳಲೇ ಇಲ್ಲ.

'ಅವನ ಹಾಗೇ ಮೊಂಡು.'

ಒಂದು ಸಂಜೆ ಸಿಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಹೋದಳು. ಎಲ್ಲಕ್ಕಿಂತ ಎತ್ತರದ ಬಳ್ಳಿಯ ತುದಿ ಅವಳ ಬೆರಳಲ್ಲಿ ಟಕ್ಕೆಂದು ಮುರಿದು ಬಂತು.

ಮುರಿದ ಕುಡಿಯನ್ನು ಅವಳು ಒಳಗೆ ತಂದು ಒಂದು ಲೋಟ ನೀರಿನಲ್ಲಿ ನಿಲ್ಲಿಸಿಟ್ಟಳು.

*

ದ್ವಾರಕಾನಾಥ ಮರಳಿ ಬಂದ ದಿನ ಬಿಸಿಲಿತ್ತು. ತೆಳ್ಳಗಾಗಿದ್ದ. ಚೀಲವನ್ನು ಮೆಟ್ಟಿಲ ಬಳಿ ಇಟ್ಟು ನೇರ ಮೂಲೆಗೆ ಹೋದ.

ಬಳ್ಳಿಗಳು ನೆಲದ ಮೇಲೆ ಸಿಂಬೆಯಾಗಿ ಬಿದ್ದಿದ್ದವು. ಗಡಿಕಲ್ಲು ಚದುರಿತ್ತು. ಮಣ್ಣಿನ ತುಂಬ ಅವಳ ಬೂಟಿನ ಗುರುತು.

"ಕಾತ್ಯಾಯಿನಿ!"

ಅವಳು ಬಾಗಿಲಿಗೆ ಬಂದಳು. ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ ತೊಟ್ಟಿದ್ದಳು.

"ಇದೇನಿದು?"

"ಗಾಳಿಗೆ ಹುರಿ..."

"ಹುರಿ ನೆಟ್ಟಗಿದೆ. ಬಳ್ಳಿ ಕೆಳಗಿದೆ. ಗಾಳಿ ಬೂಟು ಹಾಕ್ಕೊಂಡು ಬಂದಿತ್ತಾ?" ಅವನು ಬಗ್ಗಿ ತುದಿಯಿಲ್ಲದ ಬಳ್ಳಿ ಎತ್ತಿದ. "ಇದನ್ನ ಯಾರು ಮುರಿದಿದ್ದು?"

ಹೇಳಬಹುದಿತ್ತು. ಎಲ್ಲವನ್ನೂ ಹೇಳಬಹುದಿತ್ತು. ಆದರೆ ಆ ಪ್ರಶ್ನೆಗೆ ಉತ್ತರ ಒಂದೇ.

"ನಾನೇ."

"ಗೊತ್ತಿತ್ತು." ಅವನು ಮೆಲ್ಲಗೇ ಹೇಳಿದ, ಅದು ಕೂಗಿದ್ದಕ್ಕಿಂತ ಹೆಚ್ಚು ಚುಚ್ಚಿತು. "ನಿಮ್ಮಪ್ಪ ಕುಡಿದ್ರು ಅಂತ ಈ ಬಳ್ಳಿ ಮೇಲೆ ತೀರಿಸ್ಕೊಂಡ್ರಾ? ಇದೇನು ಮಾಡಿತ್ತು ನಿಮಗೆ?"

ಕಾತ್ಯಾಯಿನಿಯ ಮುಖ ಬಿಳುಚಿತು. ಒಳಗೆ ಹೋದಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

ಇಷ್ಟು ದಿನ ಅವಳು ಬಾಗಿಲು ದಢಾರನೆ ಹಾಕುತ್ತಿದ್ದಳು. ಆ ಸದ್ದಿಲ್ಲದ ಬಾಗಿಲು ಅವನಿಗೆ ಏನೋ ಹೇಳಿತು. ಏನೆಂದು ತಿಳಿಯಲಿಲ್ಲ.

'ನಾಳೆಯಿಂದ ಮನೆ ಹುಡುಕಬೇಕು,' ಅಂದುಕೊಂಡಳು ಅವಳು ಗೋಡೆಗೊರಗಿ. 'ಆದರೆ ಅಜ್ಜಿಗೆ ಮುಟ್ಟುತ್ತೆ ಅಂದಿದ್ದೀನಲ್ಲ...'

ಬೆಳಿಗ್ಗೆ ಅವನು ಬ್ರಷ್ ಹಿಡಿದು ಬಾಲ್ಕನಿಗೆ ಬಂದ. ಕೆಳಗೆ ನೋಡಿದವನು ಹಾಗೇ ನಿಂತ.

ಕಾತ್ಯಾಯಿನಿ ಅಂಗಿಯ ತೋಳು ಮಡಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಒಂದು ಬಳ್ಳಿಯನ್ನು ಮಗುವಿನ ಜಡೆ ಹಿಡಿದ ಹಾಗೆ ಎತ್ತಿ ಹುರಿಗೆ ಸುತ್ತುತ್ತಿದ್ದಳು. ಜೊತೆಗೆ ಬೈಗುಳ.

"ಹತ್ತು. ಹತ್ತೋದಕ್ಕೇನು ರೋಗ ನಿಂಗೆ? ಅಜ್ಜಿ ಅಲ್ಲಿ ನಿದ್ದೆಗೆಟ್ಟು ಕಾಯ್ತಿದೆ, ನಿಂಗೆ ಇಲ್ಲಿ ಠೇಂಕಾರ..."

ದ್ವಾರಕಾನಾಥ ಈ ಸಲ ಧಡಧಡ ಇಳಿಯಲಿಲ್ಲ. ಅವನು ಪಕ್ಕಕ್ಕೆ ಬಂದು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ.

"ಅಜ್ಜಿ ವಿಷಯ ಯಾರು ಹೇಳಿದ್ರು?"

ಅವಳು ತಿರುಗಲಿಲ್ಲ. "ಅಜ್ಜೀನೇ. ನಿಮಗೆ ಫೋನ್ ಸಿಗ್ಲಿಲ್ಲ ಅಂತ."

"ಎಷ್ಟು ದಿನದಿಂದ ಸುತ್ತುತಿದೀರಾ?"

"ನೀವು ವ್ಯಾನ್ ಹತ್ತಿದ ಮಾರನೇ ದಿನದಿಂದ. ನಾನು ಸುತ್ತೋದು, ಅದು ಬಿಚ್ಕೊಳ್ಳೋದು. ತುದಿ ಮುರಿದದ್ದು ನಿಜ. ಕೈ ಜೋರಾಯ್ತು. ಬೇಕಂತ ಅಲ್ಲ."

ಅವನ ಕಣ್ಣು ಅವಳ ತೋಳಿನ ಮೇಲಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೀರುಗಳು, ಹಳೆಯವು, ಹೊಸವು. ಹಾಪ್ಸಿನ ಬಳ್ಳಿಯನ್ನು ದಿನವೂ ತಬ್ಬಿ ಎತ್ತಿದವರಿಗೆ ಮಾತ್ರ ಬರುವ ಗೀರು. ವಸಂತದಲ್ಲಿ ಅವನ ತೋಳಿನಲ್ಲೂ ಇದ್ದವು.

ಆಮೇಲೆ ಅವನು ಹುರಿಯನ್ನು ನೋಡಿದ. ಸುತ್ತನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು.

"ಒಂದು ಕೇಳ್ಲಾ? ದೇವಸ್ಥಾನಕ್ಕೆ ಹೋದ್ರೆ ನೀವು ಯಾವ ಕಡೆ ಸುತ್ತುತೀರಾ?"

"ಏನು ಪ್ರಶ್ನೆ ರೀ ಇದು? ಎಲ್ಲರೂ ಸುತ್ತೋ ಕಡೆ. ದೇವರು ಬಲಕ್ಕಿರೋ ಹಾಗೆ."

"ಈ ಬಳ್ಳೀನೂ ಹಾಗೇ. ಹುರಿಗೆ ಪ್ರದಕ್ಷಿಣೆ ಹಾಕೋ ಜಾತಿ. ನೀವು ಅದರ ಕೈಲಿ ಇಷ್ಟು ದಿನ ಅಪ್ರದಕ್ಷಿಣೆ ಹಾಕಿಸಿದೀರಾ."

ಕಾತ್ಯಾಯಿನಿ ಕೈಯಲ್ಲಿದ್ದ ಬಳ್ಳಿ ನೋಡಿದಳು. ತಿರುಗಿ ತನ್ನ ಅವರೆ ಸಾಲು ನೋಡಿದಳು. ಕೋಲು ಕೋಲಿಗೂ ಅವರೆ ಎಡಕ್ಕೆ, ಎಡಕ್ಕೆ, ಎಡಕ್ಕೆ ಸುತ್ತಿತ್ತು.

"ಅಯ್ಯೋ..."

"ನಿಮ್ಮ ಅವರೆ ಎಡಮುರಿ. ನಮ್ಮ ಹಾಪ್ಸ್ ಬಲಮುರಿ." ಅವನ ತುಟಿ ಅದುರಿತು. "ಮೈಸೂರಿನವರಿಗೆ ಇದನ್ನೂ ಹೇಳ್ಕೊಡ್ಬೇಕಾ?"

ಚಿಕ್ಕಂದಿನಲ್ಲಿ ಬುತ್ತಿ ಕಟ್ಟಿಕೊಂಡು ಕಾವೇರಿಯಲ್ಲಿ ಆಡಲು ಹೋಗುತ್ತಿದ್ದ ಆ ಎರಡು ಜಾಗಗಳ ಹೆಸರು ಹಮಾಮತ್ಸುವಿನ ಅಂಗಳದಲ್ಲಿ ಕಿವಿಗೆ ಬಿದ್ದದ್ದೇ, ಅವಳಿಗೆ ನಗು ಬಂತು. ನಗು ಅರ್ಧದಲ್ಲೇ ಅಳುವಾಯಿತು.

"ಬಾರ್ಲಿ ನೀರು ಅಂತ ಮೊದಲೇ ಬೊಗಳಬಾರದಿತ್ತಾ?"

"ನೀವು ಕೇಳಲಿಲ್ಲ. ತೀರ್ಪು ಕೊಟ್ರಿ." ಅವನು ತಲೆ ತಗ್ಗಿಸಿದ. "ನಿನ್ನೆ ನಿಮ್ಮಪ್ಪನ ಮಾತು ತೆಗೆದೆ. ಅದು ತಪ್ಪು. ಜಗಳದಲ್ಲಿ ಬಂತು ಅಂತ ಹೇಳಿ ಜಾರ್ಕೊಳ್ಳಲ್ಲ. ತಪ್ಪು."

ಕಾತ್ಯಾಯಿನಿ ಕಣ್ಣೊರೆಸಿಕೊಂಡಳು. ಈ ಮಾತನ್ನು ಅವಳು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

"ತೋರಿಸಿ," ಎಂದಳು ಬಳ್ಳಿ ಮುಂದೆ ಚಾಚಿ. "ಯಾವ ಕಡೆ?"

ಅವನು ಬಳ್ಳಿಯ ತುದಿಯನ್ನು ಅವಳ ಬೆರಳಿನಿಂದಲೇ ಹುರಿಯ ಹಿಂದೆ ದಾಟಿಸಿದ. ಬಲಕ್ಕೆ. ಮುಳ್ಳುಕೂದಲು ಹುರಿಯನ್ನು ಕಚ್ಚಿ ಹಿಡಿಯಿತು. ಈ ಸಲ ಬಿಡಲಿಲ್ಲ.

*

ಆಮೇಲೆ ಜಗಳ ನಿಂತಿತು ಎಂದುಕೊಳ್ಳಬೇಡಿ. ಕುಕ್ಕರ್ ಕೂಗುತ್ತಲೇ ಇತ್ತು, ದುಪಟ್ಟಾ ನೆನೆಯುತ್ತಲೇ ಇತ್ತು. ಆದರೆ ಒಂದು ದಿನ ಮೇಲಿಂದ ನೀರು ಬೀಳದಿದ್ದರೆ ಅವಳು ತಲೆಯೆತ್ತಿ ನೋಡುತ್ತಿದ್ದಳು.

ತುದಿ ಮುರಿದ ಬಳ್ಳಿ ಮೇಲಕ್ಕೆ ಹೋಗಲಾರದೆ ಅಕ್ಕಪಕ್ಕಕ್ಕೆ ಕವಲೊಡೆಯಿತು. ಜುಲೈ ಕೊನೆಗೆ ಅದರ ತುಂಬ ಹೂವು. ಹೆಬ್ಬೆರಳ ತುದಿಯಷ್ಟು, ಕಾಗದದಂಥ ತಿಳಿಹಸಿರು ಎಸಳು, ಒಳಗೆ ಅರಿಸಿನದಂಥ ಪುಡಿ. ಉಜ್ಜಿದರೆ ನಿಂಬೆಸೊಪ್ಪಿನ ಕಹಿ ಘಮ.

ಬಾಲ್ಕನಿಯಲ್ಲಿ ಒಣಗಿಸಿದರು. ದಿಂಬಿನ ಚೀಲಕ್ಕೆ ಬಟ್ಟೆ ಬೇಕಾಗಿತ್ತು, ಅವನು ಒಂದು ಬಿಳಿ ಪಂಚೆ ತಂದ.

"ಹೊಸದಲ್ವಾ ಇದು? ಮದುವೆಗೆ ಅಂತ ಇಟ್ಟಿದ್ರಾ?"

"ಅಮ್ಮ ಕಳಿಸಿದ್ದು. ಮದುವೆಗೆ ಒಪ್ಕೊಂಡ್ರೆ ಉಡು ಅಂತ."

"ಹಾಗಾದ್ರೆ ಕತ್ತರಿ ಹಾಕಿಬಿಡ್ಲಾ?"

"ಹಾಕಿ. ಆಮೇಲೆ ನೀವೇ ಹೊಸದು ಕೊಡಿಸೋ ಪರಿಸ್ಥಿತಿ ಬಂದ್ರೆ ನನ್ನ ಬೈಬೇಡಿ."

ಅವಳ ಕತ್ತರಿ ಅರೆಕ್ಷಣ ನಿಂತಿತು. ಆಮೇಲೆ ನೇರವಾಗಿ ಸಾಗಿತು. ಕಿವಿ ಮಾತ್ರ ಕೆಂಪಾಗಿತ್ತು.

ಆರೈಕೆ ಕೇಂದ್ರದಲ್ಲಿ ಕಿಟಕಿಯ ಭೇಟಿಗೆ ಬಿಟ್ಟಿದ್ದರು. ಗಾಜಿನ ಆಚೆ ಗಾಲಿಕುರ್ಚಿಯಲ್ಲಿ ಅಜ್ಜಿ, ಈಚೆ ಹೂಗಿಡಗಳ ನಡುವೆ ಇವರಿಬ್ಬರು, ನಡುವೆ ಫೋನ್. ದಿಂಬನ್ನು ಸಿಬ್ಬಂದಿ ಮುಂಚೆಯೇ ಒಳಗೊಯ್ದಿದ್ದರು.

ಅಜ್ಜಿ ಅದರಲ್ಲಿ ಮುಖವಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. ದ್ವಾರಕಾನಾಥ ಮಾಸ್ಕಿನೊಳಗೆ ಮೂಗೇರಿಸುವುದು ಕಾತ್ಯಾಯಿನಿಗೆ ಕೇಳಿಸಿತು. ಅವಳು ಬೇರೆ ಕಡೆ ನೋಡುತ್ತಲೇ ಅವನ ಕೈ ಹಿಡಿದಳು.

"ಕಡಿಮೆ ಇದೆ," ಎಂದರು ಅಜ್ಜಿ ಕೊನೆಗೆ, ಫೋನಿನಲ್ಲಿ. "ನನ್ನವರು ಇನ್ನೂ ತುಂಬುತ್ತಿದ್ದರು."

"ಈ ವರ್ಷ ಸ್ವಲ್ಪ ಅಪಘಾತವಾಯಿತು ಮಿಜುನೋ-ಸಾನ್," ಎಂದಳು ಕಾತ್ಯಾಯಿನಿ. "ನಾನು ಎಡಕ್ಕೆ ಸುತ್ತಿಬಿಟ್ಟೆ."

ಅಜ್ಜಿ ಗಾಜಿಗೆ ಮುಖ ಹತ್ತಿರ ತಂದು ಇಬ್ಬರ ಕೈಗಳನ್ನು ನೋಡಿದರು. "ಮುಂದಿನ ವರ್ಷ ಸರಿಯಾಗಿ ಸುತ್ತಿ. ಇಬ್ಬರೂ ಇರುತ್ತೀರಲ್ಲ?"

ಅವನು ಕಾತ್ಯಾಯಿನಿಯ ಕಡೆ ತಿರುಗಿದ.

"ಹಾಯ್," ಎಂದಳು ಅವಳು. "ಇರ್ತೀವಿ."

*

ಮನೆಗೆ ಬಂದಾಗ ಸಂಜೆ. ಬಳ್ಳಿಯ ನೆರಳು ಅಂಗಳದಲ್ಲಿ ಹರಡಿತ್ತು. ಅವಳು ತನ್ನ ಬಾಗಿಲ ಬಳಿ, ಅವನು ಮೆಟ್ಟಿಲ ಬಳಿ. ಯಾರೂ ಒಳಗೆ ಹೋಗಲಿಲ್ಲ.

"ಅಲ್ಲಿ ಹೇಳಿದ್ದು ಅಜ್ಜಿ ಸಮಾಧಾನಕ್ಕಾ?" ಅವನು ಕೇಳಿದ.

"ನೀವೇನಂದ್ಕೊಂಡ್ರಿ?"

"ನಾನು ಅಂದ್ಕೊಂಡದ್ದನ್ನ ಹೇಳಿದ್ರೆ ನೀವು ಗುದ್ದಲಿ ತರ್ತೀರಾ."

"ಗುದ್ದಲಿ ಒಳಗಿದೆ. ಹೇಳಿ."

ಅವನು ಮಾಸ್ಕ್ ತೆಗೆದ. "ನೀನಿಲ್ಲದ ಮನೇಲಿ ನನಗೆ ಮೀಟಿಂಗ್ ಮಾಡಕ್ಕಾಗಲ್ಲ ಕಾತ್ಯಾಯಿನಿ. ಹೋಟೆಲಲ್ಲಿ ಜ್ವರ ಇದ್ದಾಗ ಕುಕ್ಕರ್ ಸದ್ದಿಗೆ ಕಾಯ್ತಿದ್ದೆ. ನೀನಂದ್ರೆ ನನಗೆ ಇಷ್ಟ. ಬೈದ್ರೂ ಇಷ್ಟ."

ನೀವು ಯಾವಾಗ ನೀನಾಯಿತೆಂದು ಇಬ್ಬರೂ ಗಮನಿಸಿದರು. ಇಬ್ಬರೂ ತಿದ್ದಲಿಲ್ಲ.

"ನನ್ನ ತಲೆ ಮೇಲೆ ಯಾರಾದ್ರೂ ನಡೆದ್ರೆ ನನಗೆ ನಿದ್ದೆ ಬರಲ್ಲ," ಎಂದಳು ಅವಳು ಮೆಲ್ಲಗೆ. "ಈಗ ನಿನ್ನ ಹೆಜ್ಜೆ ಕೇಳಿಸದಿದ್ರೆ ಬರಲ್ಲ. ನನಗೂ ಒಂದು ದಿಂಬು ಮಾಡಿಕೊಡು."

ಅವನು ಮೆಟ್ಟಿಲ ಮೇಲೆ ಕಾಲಿಟ್ಟು ಕೈ ಚಾಚಿದ. "ಮೇಲೆ ಬಾ. ಬಾರ್ಲಿ ನೀರು ಕಾಸ್ತೀನಿ."

ಅವಳು ಆ ಮೆಟ್ಟಿಲನ್ನು ಹತ್ತಿದ್ದು ಆವತ್ತೇ ಮೊದಲು. ಒಣಹಾಕುವ ಹೂವನ್ನೆಲ್ಲ ಅವರು ಹುರಿ ಕಟ್ಟಿದ ಬುಟ್ಟಿಯಲ್ಲಿ ಮೇಲಕ್ಕೆಳೆದುಕೊಂಡಿದ್ದರು. ಎರಡು ಸುತ್ತು ಏರಿದವಳು ತಟ್ಟನೆ ನಿಂತಳು. ನಡುವಿನ ಕಬ್ಬಿಣದ ಕಂಬ ಅವಳ ಬಲಗೈಗಿತ್ತು.

"ದ್ವಾರಕ, ನೋಡು. ಹತ್ತೋವಾಗ ಇದು ಪ್ರದಕ್ಷಿಣೆ."

"ಹೂಂ?"

"ಅಂದ್ರೆ ಇಳಿಯೋವಾಗ ಅಪ್ರದಕ್ಷಿಣೆ. ನೀನು ಇಳಿದು ಬಂದಾಗಲೆಲ್ಲ ಯಾಕೆ ಜಗಳ ಆಗ್ತಿತ್ತು ಅಂತ ಈಗ ಗೊತ್ತಾಯ್ತು."

ಅವನು ಮೇಲಿನ ಮೆಟ್ಟಿಲಿನಿಂದ ಬಗ್ಗಿ ಅವಳ ಗೀರುಬಿದ್ದ ತೋಳಿಗೆ ಹಣೆ ತಾಗಿಸಿದ.

"ಹಾಳಾದವಳು," ಎಂದ.

"ಬಾಯಿ ತೊಳ್ಕೊಂಡು ಹೇಳು," ಎಂದಳು ಅವಳು, ಮತ್ತೊಂದು ಮೆಟ್ಟಿಲು ಹತ್ತುತ್ತ.